ಗುಡ್ಡದ ಮೇಪಲ್ ತೋಪಿಗೆ ಯಾವ ಪೈಪು ಸರಿ?

"3/16 ಹಾಕೋದಾ, 5/16 ಹಾಕೋದಾ?"

ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್, ನ್ಯೂಯಾರ್ಕ್ ರಾಜ್ಯದ ಉತ್ತರದ ಗುಡ್ಡಗಳು, ಗಡಿಯಾಚೆಯ ಕ್ವಿಬೆಕ್, ಒಂಟಾರಿಯೊ. ಇಲ್ಲೆಲ್ಲ ಇಳಿಜಾರಿನಲ್ಲಿ ನಾಲ್ಕು ಸಕ್ಕರೆ ಮೇಪಲ್ ಮರ ಇರುವವರು ಮೊದಲು ಕೇಳುವ ಪ್ರಶ್ನೆ ಇದು. ಕಾಂಡಕ್ಕೆ ತೂತು ಕೊರೆದು ನಳಿಕೆ ಸಿಕ್ಕಿಸಿ (ಇದೇ ಟ್ಯಾಪ್), ಬರುವ ಸಿಹಿ ರಸವನ್ನು ಪೈಪಿನಲ್ಲಿ ಕೆಳಗಿನ ಟ್ಯಾಂಕಿಗೆ ಇಳಿಸಿ, ಕುದಿಸಿ ಸಿರಪ್ ಮಾಡುತ್ತಾರೆ. ಪ್ರಶ್ನೆ ಆ ಪೈಪಿನದು. ಅಂಕಿ ಅದರ ಒಳವ್ಯಾಸದ್ದು, ಇಂಚಿನ ಲೆಕ್ಕ. 5/16 ಎಂದರೆ ಸುಮಾರು 8 ಮಿಲಿಮೀಟರ್, 3/16 ಎಂದರೆ ಸುಮಾರು 4.8 ಮಿಲಿಮೀಟರ್. ಪಕ್ಕದ ತೋಪಿನಾತ ಒಂದು ಹೇಳುತ್ತಾನೆ, ಸಲಕರಣೆ ಅಂಗಡಿಯವನು ಇನ್ನೊಂದು ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳಿರುವುದಿಲ್ಲ, ಇಬ್ಬರೂ ನೋಡಿರುವ ಗುಡ್ಡ ಬೇರೆ ಬೇರೆ ಅಷ್ಟೆ.

ಸಾವಿರಾರು ಮರಗಳಿಗೆ ಟ್ಯಾಪ್ ಹಾಕುವ ವ್ಯಾಪಾರಿಗಳಿಗೆ ಈ ಬರಹದಿಂದ ಹೆಚ್ಚು ಉಪಯೋಗವಿಲ್ಲ. ಮನೆ ಹಿಂದಿನ ಗುಡ್ಡದಲ್ಲಿ ಇಪ್ಪತ್ತರಿಂದ ಇನ್ನೂರು ಮುನ್ನೂರು ಟ್ಯಾಪ್ ಹಾಕಬೇಕೆಂದಿರುವವರಿಗಾಗಿ ಬರೆದಿದ್ದೇನೆ. ನನ್ನ ಪ್ರಕಾರ ಎರಡೇ ಪ್ರಶ್ನೆಗೆ ಉತ್ತರ ಸಿಕ್ಕರೆ ಪೈಪಿನ ಆಯ್ಕೆ ಮುಕ್ಕಾಲು ಪಾಲು ಮುಗಿಯಿತು. ಅತಿ ಕೆಳಗಿನ ಮರದಿಂದ ಟ್ಯಾಂಕಿನವರೆಗೆ ಎಷ್ಟು ಮೀಟರ್ ಇಳಿತ ಇದೆ? ಹಂಗಾಮು ಮುಗಿದ ಮೇಲೆ, ಏಪ್ರಿಲ್ ಕೆಸರಿನಲ್ಲಿ ಮತ್ತೆ ಗುಡ್ಡ ಹತ್ತಿ ಪೈಪು ತೊಳೆಯುವವರು ನೀವು ಹೌದೋ ಅಲ್ಲವೋ? ಮೊದಲನೆಯದಕ್ಕೆ ಗುಡ್ಡ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ನೀವೇ ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು.

ರಸ ಇಳಿಯುವ ಬಗೆ

ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ, ಹಗಲು ನಾಲ್ಕೈದು ಡಿಗ್ರಿಗೆ ಏರಬೇಕು. ಹೆಪ್ಪುಗಟ್ಟುವಾಗ ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ, ಕರಗುವಾಗ ಕಾಂಡದೊಳಗೆ ಒತ್ತಡ ಏರುತ್ತದೆ. ತೂತು ಕೊರೆದರೆ ಒಳಗಿನ ಹೆಚ್ಚು ಒತ್ತಡದಿಂದ ಹೊರಗಿನ ಕಡಿಮೆ ಒತ್ತಡದ ಕಡೆಗೆ ರಸ ಹರಿಯುತ್ತದೆ. ಹೊರಗಿನ ಒತ್ತಡವನ್ನು ಇನ್ನಷ್ಟು ತಗ್ಗಿಸಿದರೆ ಹರಿವು ಹೆಚ್ಚುತ್ತದೆ. ಪೈಪಿನ ವಾದವಿವಾದವೆಲ್ಲ ಹುಟ್ಟುವುದು ಇಲ್ಲಿಂದಲೇ. ಈ ಎಳೆತವನ್ನು ಇಲ್ಲಿನವರು ವ್ಯಾಕ್ಯೂಮ್ ಎನ್ನುತ್ತಾರೆ, ಇಂಚು ಪಾದರಸದಲ್ಲಿ ಅಳೆಯುತ್ತಾರೆ. ಒಂದೊಂದು ಇಂಚು ಎಳೆತಕ್ಕೂ ರಸ ಸುಮಾರು ಶೇಕಡಾ 5ರಿಂದ 7ರಷ್ಟು ಹೆಚ್ಚುತ್ತದೆ ಎಂಬುದು ಇಲ್ಲಿ ಎಲ್ಲರೂ ಬಳಸುವ ಲೆಕ್ಕ.

ರಸದಲ್ಲಿ ಸಕ್ಕರೆ ಇರುವುದು ಸುಮಾರು ಶೇಕಡಾ 2 ಮಾತ್ರ. ಒಂದು ಲೀಟರ್ ಸಿರಪ್ಪಿಗೆ 40 ಲೀಟರ್ ರಸ ಕುದಿಸಬೇಕು. ವರ್ಮಾಂಟಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿನವರೆಲ್ಲ ಸೇರುವ ಟೌನ್ ಮೀಟಿಂಗ್ ದಿನದ ಆಸುಪಾಸಿನಲ್ಲಿ ಟ್ಯಾಪ್ ಹಾಕುವುದು ಹಳೆಯ ವಾಡಿಕೆ. ಈಗ ಚಳಿಗಾಲ ನಂಬಿಕೆಗೆ ಸಿಗದಾಗಿದೆ, ಬಹಳ ಮಂದಿ ಅದಕ್ಕೆ ಮುಂಚೆಯೇ ಶುರು ಮಾಡುತ್ತಾರೆ.

ಬಕೆಟ್ಟನ್ನು ತಳ್ಳಿಹಾಕುವ ಮುನ್ನ

ಹತ್ತು ಹನ್ನೆರಡು ಮರ, ಅದೂ ಮನೆಯ ಅಂಗಳಕ್ಕೆ ಹತ್ತಿರ ಇದ್ದರೆ ಪೈಪಿನ ಗೊಡವೆಯೇ ಬೇಡ. ಬಕೆಟ್ಟು ನೇತು ಹಾಕಿ, ಮಕ್ಕಳಿಗೂ ಖುಷಿ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಬೆಸುಗೆಯ ತಗಡಿನ ಬಕೆಟ್ ಮಾತ್ರ ಬೇಡ, ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆ ಇದೆ.

ಗುಡ್ಡದಲ್ಲಿ ಕಥೆ ಬೇರೆ. ಒಂದು ಟ್ಯಾಪಿನಿಂದ ಇಡೀ ಹಂಗಾಮಿಗೆ ಸುಮಾರು 40 ಲೀಟರ್ ಎಂದರೆ 40 ಕಿಲೋ ಭಾರ. ಐವತ್ತು ಟ್ಯಾಪಿಗೆ ಎರಡು ಟನ್ನು, ಮೊಣಕಾಲುದ್ದದ ಹಿಮದಲ್ಲಿ, ಕೈಯಲ್ಲಿ ಹೊತ್ತು. ಒಂದು ವರ್ಷ ಉತ್ಸಾಹದಲ್ಲಿ ಹೊರಬಹುದು. ಎರಡನೇ ವರ್ಷಕ್ಕೆ ಎಲ್ಲರೂ ಪೈಪಿನ ಬೆಲೆ ವಿಚಾರಿಸುತ್ತಾರೆ.

5/16: ಹಳೆಯ, ನಂಬಿಕಸ್ಥ ದಾರಿ

ಪ್ಲಾಸ್ಟಿಕ್ ಪೈಪಿನಲ್ಲಿ ರಸ ಇಳಿಸುವ ಪದ್ಧತಿಗೆ ವರ್ಮಾಂಟಿನ ಮಾಂಟ್‌ಪೀಲಿಯರಿನ ನೆಲ್ಸನ್ ಗ್ರಿಗ್ಸ್ 1959ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದ ಬೆಳೆದು ಬಂದ 5/16 ಪೈಪಿನ ಜಾಲವೇ ಇಂದಿಗೂ ದೊಡ್ಡ ತೋಪುಗಳ ಬೆನ್ನೆಲುಬು. ಹನಿ ನೀರಾವರಿ ಮಾಡಿದವರಿಗೆ ಇದರ ನಕ್ಷೆ ಅಪರಿಚಿತವಲ್ಲ. ಮರದಿಂದ ಇಳಿಯುವ ತುಂಡು ಡ್ರಾಪ್‌ಲೈನ್, ಮರದಿಂದ ಮರಕ್ಕೆ ಹೋಗುವುದು ಲ್ಯಾಟರಲ್, ಲ್ಯಾಟರಲ್‌ಗಳೆಲ್ಲ ಬಂದು ಸೇರುವುದು ಮುಕ್ಕಾಲು ಇಂಚು ಅಥವಾ ಒಂದಿಂಚಿನ ಮೇನ್‌ಲೈನಿಗೆ. ಹನಿ ನೀರಾವರಿಯಲ್ಲಿ ನೀರು ಮೇನ್‌ಲೈನಿನಿಂದ ಗಿಡಕ್ಕೆ ಹೋಗುತ್ತದೆ, ಇಲ್ಲಿ ಮರದಿಂದ ಮೇನ್‌ಲೈನಿಗೆ ಬರುತ್ತದೆ.

ಈ ಪೈಪಿನಲ್ಲಿ ರಸ ತುಂಬಿ ಹರಿಯುವುದಿಲ್ಲ. ತಳದಲ್ಲಿ ತೆಳ್ಳಗೆ ಜಾರುತ್ತದೆ, ಮೇಲೆ ಗಾಳಿ ಇರುತ್ತದೆ. ಅದರಿಂದ ಎರಡು ಪರಿಣಾಮ. ಒಂದು, ತನ್ನಷ್ಟಕ್ಕೆ ಹೆಚ್ಚು ಎಳೆತ ಹುಟ್ಟುವುದಿಲ್ಲ. ಎಳೆತ ಬೇಕೆಂದರೆ ಪಂಪು ಇಡಬೇಕು. ಎರಡು, ಪೈಪು ಎಲ್ಲೂ ಜೋತು ಬೀಳಬಾರದು. ಜೋತಲ್ಲಿ ರಸ ನಿಂತು ಕೊಳೆಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ದಾರಿಗೆ ಅಡ್ಡ ಕೂರುತ್ತದೆ. ಮೇನ್‌ಲೈನಿಗೆ ಕನಿಷ್ಠ ಶೇಕಡಾ 2ರ ಇಳಿಜಾರಾದರೂ ಬೇಕು, ಅದನ್ನು ಬಿಗಿಯಾಗಿ ಎಳೆದ ಹೈ ಟೆನ್ಸೈಲ್ ತಂತಿಗೆ ಕಟ್ಟಬೇಕು. ಒಂದೊಂದು ಲ್ಯಾಟರಲ್‌ಗೆ ಐದು ಟ್ಯಾಪ್ ಒಳ್ಳೆಯದು, ಹತ್ತರ ಮೇಲೆ ಬೇಡ.

ಕೆಲಸ ಜಾಸ್ತಿ ಅನ್ನಿಸಿದರೆ ಅದು ನಿಜ. ತಂತಿ, ಬಿಗಿ ಮಾಡುವ ಸಲಕರಣೆ, ಮೇನ್‌ಲೈನ್, ಪ್ರತಿ ಲ್ಯಾಟರಲ್ಲನ್ನೂ ಮೇನ್‌ಲೈನಿಗೆ ಜೋಡಿಸಲು ಸ್ಯಾಡಲ್ ಎಂಬ ಒಂದು ಜೋಡಣೆ. ಆದರೆ ಒಮ್ಮೆ ಸರಿಯಾಗಿ ಎಳೆದರೆ ವರ್ಷಗಟ್ಟಲೆ ನಿಲ್ಲುತ್ತದೆ. ಒಳಗೆ ಸ್ವಲ್ಪ ಲೋಳೆ ಕಟ್ಟಿದರೂ ದಾರಿ ಮುಚ್ಚಿಹೋಗುವಷ್ಟು ಸಣ್ಣದಲ್ಲ. ಈ ಕೊನೆಯ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

3/16: ಗುಡ್ಡವೇ ಪಂಪು

2010ರ ಸುಮಾರಿಗೆ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದಲ್ಲಿ ಟಿಮೊಥಿ ವಿಲ್ಮಟ್ ಒಂದು ಸರಳ ಯೋಚನೆಯನ್ನು ಪರೀಕ್ಷೆಗೆ ಹಚ್ಚಿದರು. ಅಂಡರ್‌ಹಿಲ್‌ನಲ್ಲಿರುವ ಆ ಕೇಂದ್ರವೂ ಗುಡ್ಡದ ಮೇಲೇ ಇದೆ. ಪೈಪನ್ನು ಸಣ್ಣದು ಮಾಡಿದರೆ ಏನಾಗುತ್ತದೆ? ಸಣ್ಣ ಪೈಪಿನಲ್ಲಿ ಗಾಳಿಗುಳ್ಳೆಗೆ ರಸವನ್ನು ದಾಟಿ ಮೇಲಕ್ಕೆ ಹೋಗಲು ಜಾಗವಿಲ್ಲ. ರಸ, ಗುಳ್ಳೆ, ರಸ, ಗುಳ್ಳೆ ಎಂದು ಸರಪಣಿಯಾಗಿ ಇಳಿಯುತ್ತವೆ. ಕೆಳಗೆ ಇಳಿಯುವ ರಸದ ಕಂಬ ತನ್ನ ಭಾರದಿಂದಲೇ ಮೇಲಿನದನ್ನು ಎಳೆಯುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಸದ್ದಿಲ್ಲ.

ಮಲೆನಾಡಿನಲ್ಲಿ ಅಬ್ಬಿ ನೀರನ್ನು ಕಪ್ಪು ಪೈಪಿನಲ್ಲಿ ಮನೆಗೆ ತಂದವರಿಗೆ ಇದರ ಅರ್ಧ ಗೊತ್ತಿರುತ್ತದೆ. ಆದರೆ ಅಲ್ಲಿ ಪೈಪಿನ ಮೇಲ್ತುದಿ ನೀರಿನಲ್ಲಿ ಮುಳುಗಿರುತ್ತದೆ, ಕೆಳಗೆ ನಲ್ಲಿ ತಿರುಗಿಸುವವರೆಗೆ ಒತ್ತಡ ಕೂಡುತ್ತ ಹೋಗುತ್ತದೆ. ಮೇಪಲ್ ಸಾಲಿನಲ್ಲಿ ಮೇಲ್ತುದಿಯನ್ನು ಮರ ಮುಚ್ಚಿರುತ್ತದೆ, ಕೆಳತುದಿ ಬಯಲಿಗೆ ತೆರೆದಿರುತ್ತದೆ. ಹಾಗಾಗಿ ಒಳಗೆ ಕೂಡುವುದು ಒತ್ತಡವಲ್ಲ, ಎಳೆತ. ಅಬ್ಬಿ ಪೈಪಿನಲ್ಲಿ ತೂತಾದರೆ ನೀರು ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ತೂತಾದರೆ ಗಾಳಿ ಒಳಗೆ ಹೋಗುತ್ತದೆ, ಏನೂ ಕಾಣುವುದಿಲ್ಲ.

ಲೆಕ್ಕ ಹೀಗಿದೆ. ಒಂದು ಮೀಟರ್ ನೇರ ಇಳಿತಕ್ಕೆ ಸುಮಾರು 2.9 ಇಂಚು ಎಳೆತ. ಒಂಬತ್ತು ಮೀಟರಿಗೆ ಸುಮಾರು 26 ಇಂಚು. ಅದರಾಚೆ ಎಷ್ಟೇ ಇಳಿಸಿದರೂ ಹೆಚ್ಚೇನೂ ಸಿಗದು, ಯಾಕೆಂದರೆ ಗಾಳಿಯ ಒತ್ತಡವೇ ಸಮುದ್ರಮಟ್ಟದಲ್ಲಿ 30 ಇಂಚಿಗಿಂತ ತುಸು ಕಡಿಮೆ. ಎತ್ತರ ಏರಿದಂತೆ ಪ್ರತಿ 300 ಮೀಟರಿಗೆ ಅದು ಸುಮಾರು ಒಂದು ಇಂಚು ಇಳಿಯುತ್ತದೆ. ಘರ್ಷಣೆ, ಗುಳ್ಳೆ ಎಲ್ಲ ಕಳೆದು ಗೇಜಿನಲ್ಲಿ ಇದಕ್ಕಿಂತ ಕಡಿಮೆಯೇ ಕಾಣುತ್ತದೆ.

ಬಹಳ ಮಂದಿ ಎಡವುವ ಜಾಗ ಇಲ್ಲಿದೆ. ಒಂದು ಮರಕ್ಕೆ ಸಿಗುವ ಎಳೆತ *ಅದರ ಕೆಳಗೆ* ಇರುವ ಇಳಿತದಿಂದ ಬರುವಂಥದ್ದು, ಅದರ ಮೇಲಿನದರಿಂದ ಅಲ್ಲ. ತುತ್ತತುದಿಯ ಮರಕ್ಕೆ ಅತಿ ಹೆಚ್ಚು, ಕೆಳಗಿನ ಮರಕ್ಕೆ ಅತಿ ಕಡಿಮೆ. ಟ್ಯಾಂಕನ್ನು ಕೊನೆಯ ಮರದ ಬುಡದಲ್ಲೇ ಇಟ್ಟಿರಿ ಎಂದುಕೊಳ್ಳೋಣ. ಆ ಮರಕ್ಕೆ ಎಳೆತ ಸೊನ್ನೆ. ಅದಕ್ಕಿಂತ 3 ಮೀಟರ್ ಮೇಲಿನದಕ್ಕೆ 9 ಇಂಚಿನ ಹತ್ತಿರ, 6 ಮೀಟರ್ ಮೇಲಿನದಕ್ಕೆ 17. ಈಗ ಅದೇ ಟ್ಯಾಂಕನ್ನು ಇನ್ನೂ 6 ಮೀಟರ್ ಕೆಳಗೆ, ರಸ್ತೆ ಬದಿಗೆ ಒಯ್ದಿರಿ. ಕೊನೆಯ ಮರಕ್ಕೇ 17 ಇಂಚು, ಅದರ ಮೇಲಿನವಕ್ಕೆಲ್ಲ ಗುಡ್ಡ ಕೊಡಬಲ್ಲಷ್ಟೂ. ಖರ್ಚಾದದ್ದು ಒಂದಿಷ್ಟು ಮೀಟರ್ ಪೈಪು. ಕೊನೆಯ ಮರದ ಕೆಳಗೆ ಕನಿಷ್ಠ 3 ಮೀಟರ್ ಇಳಿತವಾದರೂ ಇಲ್ಲದಿದ್ದರೆ 3/16 ಹಾಕುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂಬತ್ತು ಇದ್ದರೆ ಯೋಚನೆಯೇ ಬೇಡ.

ಇನ್ನೊಂದು ಸೂಕ್ಷ್ಮ. 3/16 ಸಾಲನ್ನು ಗುಡ್ಡದ ಮಧ್ಯದಲ್ಲೇ ಒಂದು ಮೇನ್‌ಲೈನಿಗೆ ಸೇರಿಸಿಬಿಟ್ಟರೆ ಎಳೆತದ ಲೆಕ್ಕ ಆ ಸೇರುವ ಜಾಗದಲ್ಲೇ ನಿಂತುಹೋಗುತ್ತದೆ. ಮೇನ್‌ಲೈನಿನಲ್ಲಿ ರಸ ತುಂಬಿ ಹರಿಯುವುದಿಲ್ಲವಲ್ಲ, ಅಲ್ಲಿಂದ ಕೆಳಗಿನ ಇಳಿತ ದಂಡ. ಮೇನ್‌ಲೈನಿಗೆ ಪಂಪಿನ ಎಳೆತ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಪ್ರತಿ 3/16 ಸಾಲನ್ನೂ ನೇರವಾಗಿ ಟ್ಯಾಂಕಿನ ತನಕ ತನ್ನಿ. ನೋಡಲು ಅಂದವಿರುವುದಿಲ್ಲ, ನಾಲ್ಕೈದು ಪೈಪು ಒಟ್ಟಿಗೆ ಬಂದು ಟ್ಯಾಂಕಿನ ಬಾಯಲ್ಲಿ ನೇತಾಡುತ್ತವೆ, ಆಡಲಿ.

ಒಂದು ಸಾಲಿಗೆ ಎಷ್ಟು ಟ್ಯಾಪ್? ಪೈಪು ತುಂಬಿ ಹರಿಯುವಷ್ಟು ರಸ ಬೇಕು, ಹಾಗಾಗಿ ನಾಲ್ಕೈದು ಮರಕ್ಕೆ 3/16 ಎಳೆದರೆ ನಿರಾಸೆ. ಹದಿನೈದರಿಂದ ಇಪ್ಪತ್ತೈದು ಹದವಾದ ಸಂಖ್ಯೆ. ಮೂವತ್ತೈದು ದಾಟಿದರೆ ರಸ ಜೋರಾಗಿ ಬರುವ ದಿನ ಘರ್ಷಣೆಯಿಂದ ಎಳೆತವೇ ಕುಸಿಯುತ್ತದೆ. ಸಪಾಟು ನೆಲದಲ್ಲಿ ಇದೇ ಘರ್ಷಣೆ ಎಲ್ಲವನ್ನೂ ತಿಂದುಹಾಕುತ್ತದೆ. ಅದಕ್ಕೇ ಸಪಾಟಿಗೆ 3/16 ಬೇಡ.

ಅನುಕೂಲವೂ ಕಡಿಮೆಯಲ್ಲ. ಮೇನ್‌ಲೈನ್ ಬೇಡ, ತಂತಿ ಬೇಡ. ಮರದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿ ಎಳೆದುಕೊಂಡು ಹೋದರೆ ಮರಗಳೇ ಹಿಡಿದುಕೊಳ್ಳುತ್ತವೆ. ತುಂಬಿದ ಪೈಪಾದ್ದರಿಂದ ನಡುವೆ ಸಣ್ಣ ಏರು ಬಂದರೂ ದಾಟುತ್ತದೆ. ಇಬ್ಬರು ಸೇರಿದರೆ ಒಂದು ವಾರಾಂತ್ಯದಲ್ಲಿ ಎರಡು ಮೂರು ಸಾಲು ಎಳೆಯಬಹುದು. ಬೆಲೆಯಲ್ಲೂ ಅಗ್ಗ. ಮೊದಲ ವರ್ಷದ ಫಸಲು ನೋಡಿದವರು ಇದಕ್ಕಿಂತ ಒಳ್ಳೆಯದು ಇನ್ನಿಲ್ಲ ಎನ್ನುತ್ತಾರೆ.

ಎರಡನೇ ವರ್ಷದ ಮಾತು

ಅಂಗಡಿಯಲ್ಲಿ ಮೆಲ್ಲಗೆ ಹೇಳುವ ವಿಷಯ ಇದು. ಮೇಪಲ್ ರಸ ಸಕ್ಕರೆ ನೀರು. ಹವೆ ಬೆಚ್ಚಗಾದಂತೆ ಅದರಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆಯುತ್ತವೆ, ಪೈಪಿನ ಒಳಮೈಗೆ ಲೋಳೆ ಹಿಡಿಯುತ್ತದೆ. 5/16ರಲ್ಲಿ ಇದು ಮುಖ್ಯವಾಗಿ ಟ್ಯಾಪಿನ ತೂತಿನ ಆರೋಗ್ಯದ ಪ್ರಶ್ನೆ. ಆ ಸೂಕ್ಷ್ಮಜೀವಿಗಳು ಮರದ ತೂತಿಗೆ ಹಿಂದಿರುಗಿದರೆ ಮರ ಬೇಗ ತನ್ನ ಗಾಯ ಮುಚ್ಚಿಕೊಳ್ಳುತ್ತದೆ, ರಸ ನಿಲ್ಲುತ್ತದೆ. 3/16ರಲ್ಲಿ ಅದರ ಜೊತೆಗೆ ಇನ್ನೊಂದು ತೊಂದರೆ ಇದೆ, ದಾರಿಯೇ ಕಟ್ಟಿಕೊಳ್ಳುತ್ತದೆ. ಪೈಪಿಗಿಂತ ಮೊದಲು ಕಟ್ಟಿಕೊಳ್ಳುವುದು ಡ್ರಾಪ್‌ಲೈನ್ ಬಂದು ಸಾಲಿಗೆ ಸೇರುವ T ಆಕಾರದ ಟೀ ಜೋಡಣೆ, ಅದರ ಒಳದಾರಿ ಪೈಪಿಗಿಂತ ಇಕ್ಕಟ್ಟು. ಒಂದು ಟೀ ಕಟ್ಟಿದರೆ ಅದರ ಮೇಲಿನ ಅಷ್ಟೂ ಮರಗಳಿಗೆ ಎಳೆತ ಇಲ್ಲ. ಮರ ರಸ ಕೊಡುತ್ತಿಲ್ಲ ಎಂದು ನೀವು ಮರವನ್ನೇ ಬೈಯುತ್ತಿರುತ್ತೀರಿ.

ಪ್ರಾಕ್ಟರ್ ಕೇಂದ್ರವೂ ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದವರೂ ಇದನ್ನು ಪರೀಕ್ಷಿಸಿದ್ದಾರೆ. ತೊಳೆಯದ 3/16 ಸಾಲಿನ ಫಸಲು ಎರಡನೇ ಮೂರನೇ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ. ಹಾಗಾಗಿ ಹಂಗಾಮು ಮುಗಿದ ಕೂಡಲೇ ಸಾಲಿಗೆ ಸೋಂಕುನಿವಾರಕ ಹಾಯಿಸಬೇಕು. ಕ್ರಮ ಕಷ್ಟದ್ದಲ್ಲ. ಮೇಲಿನ ಮರದಿಂದ ಶುರು ಮಾಡಿ, ನಳಿಕೆ ಕಿತ್ತು ದ್ರಾವಣದ ಕ್ಯಾನಿಗೆ ಅದ್ದಿದರೆ ಗುಡ್ಡದ ಎಳೆತವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ನಳಿಕೆಯನ್ನು ಟೀ ಮೇಲಿನ ಗೂಟಕ್ಕೆ ಸಿಕ್ಕಿಸಿ ಮುಚ್ಚಿ, ಮುಂದಿನ ಮರಕ್ಕೆ ಹೋಗುವುದು.

ಕ್ಲೋರಿನ್ ಬಳಸುವವರು ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಆರಿಸಿಕೊಳ್ಳುವುದು ವಾಸಿ. ಮನೆಯಲ್ಲಿ ಬಟ್ಟೆಗೆ ಹಾಕುವ ಬ್ಲೀಚ್ ಸೋಡಿಯಂ ಹೈಪೊಕ್ಲೋರೈಟ್, ಅದು ಪೈಪಿನಲ್ಲಿ ಉಪ್ಪು ಬಿಡುತ್ತದೆ. ಉಪ್ಪಿಗೆ ಅಳಿಲು ಬರುತ್ತದೆ, ಬಂದ ಅಳಿಲು ಪೈಪು ಕಡಿಯುತ್ತದೆ. ಸುವಾಸನೆಯೋ ಬೇರೆ ರಾಸಾಯನಿಕವೋ ಬೆರೆತ ಈಜುಕೊಳದ ಪುಡಿಯೂ ಬೇಡ, ಆಹಾರ ಸಂಬಂಧದ ಬಳಕೆಗೆ ಒಪ್ಪಿಗೆ ಇರುವುದನ್ನೇ ಕೊಳ್ಳಿ. ಕ್ವಿಬೆಕ್ಕಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಕೆ ಹೆಚ್ಚು. ಯಾವುದೇ ಹಾಕಿದರೂ ಮುಂದಿನ ವರ್ಷದ ಮೊದಲ ಹರಿವಿನ ರಸವನ್ನು ನೆಲಕ್ಕೆ ಚೆಲ್ಲಬೇಕು.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ಆರು ವಾರ ರಾತ್ರಿ ಹಗಲು ಕುದಿಸಿ ಸುಸ್ತಾಗಿದ್ದೀರಿ, ಹಿಮ ಕರಗಿ ಗುಡ್ಡವೆಲ್ಲ ಕೆಸರು, ಸಿರಪ್ ಬಾಟಲಿಗೆ ತುಂಬಿ ಆಗಿದೆ. ಕ್ಯಾನ್ ಹೊತ್ತು ಪ್ರತಿ ಮರಕ್ಕೂ ಹೋಗುತ್ತೀರಾ? ಹೋಗುವವರಿಗೆ 3/16 ಕೊಟ್ಟಷ್ಟನ್ನು ಆ ಖರ್ಚಿಗೆ ಬೇರಾವುದೂ ಕೊಡುವುದಿಲ್ಲ. ಹೋಗದವರು ಎರಡು ಮೂರು ವರ್ಷಕ್ಕೊಮ್ಮೆ ಟೀ, ಡ್ರಾಪ್‌ಲೈನ್ ಬದಲಾಯಿಸುವ ಲೆಕ್ಕ ಇಟ್ಟುಕೊಳ್ಳಬೇಕು, ಇಲ್ಲವೇ 5/16ರ ಕಡೆ ನೋಡಬೇಕು.

ಪಂಪು ಯಾರಿಗೆ

ಇಳಿತ ಸಾಲದ ಗುಡ್ಡಕ್ಕೆ ಪಂಪು ಬೇಕು. ಇಳಿತ ಧಾರಾಳ ಇದ್ದು 3/16 ಹಾಕಿದವರಿಗೆ ಪಂಪಿನಿಂದ ಮೇಲಿನ ಮರಗಳಿಗೆ ಹೆಚ್ಚೇನೂ ಲಾಭವಿಲ್ಲ, ಅವು ಆಗಲೇ ಮಿತಿಯ ಹತ್ತಿರ ಇರುತ್ತವೆ. ಕೆಳಗಿನ ನಾಲ್ಕು ಮರಗಳಿಗೆ ಮಾತ್ರ ಲಾಭ. ಅಷ್ಟಕ್ಕೆ ಪಂಪು ತರುವ ಬದಲು ಟ್ಯಾಂಕನ್ನು ಕೆಳಗೆ ಸರಿಸಿ.

ನೂರರ ಆಸುಪಾಸಿನ ಟ್ಯಾಪ್‌ಗಳಿಗೆ 12 ವೋಲ್ಟಿನ ಸಣ್ಣ ಡಯಾಫ್ರಂ ಪಂಪು ಸಾಕು. ಅದು ರಸವನ್ನೂ ಗಾಳಿಯನ್ನೂ ಒಟ್ಟಿಗೆ ಎಳೆದು ಟ್ಯಾಂಕಿಗೆ ತಳ್ಳುತ್ತದೆ, ಸೌರಫಲಕ ಮತ್ತು ಬ್ಯಾಟರಿಯಲ್ಲಿ ನಡೆಯುತ್ತದೆ. ಇದರ ಶತ್ರು ರಾತ್ರಿಯ ಚಳಿ. ಪಂಪಿನ ತಲೆಯೊಳಗೆ ರಸ ಉಳಿದು ಹೆಪ್ಪುಗಟ್ಟಿದರೆ ಸೀಳುತ್ತದೆ. ಸಂಜೆ ಬರಿದು ಮಾಡುವ ಏರ್ಪಾಡು ಅಥವಾ ಬೆಚ್ಚಗಿನ ಪೆಟ್ಟಿಗೆ ಬೇಕು.

ಇದಕ್ಕಿಂತ ದೊಡ್ಡದಕ್ಕೆ ವೇನ್ ಪಂಪು, ಲಿಕ್ವಿಡ್ ರಿಂಗ್ ಪಂಪು. ಅವುಗಳ ಜೊತೆಗೆ ಎಳೆತ ಕಳೆದುಕೊಳ್ಳದೆ ರಸವನ್ನು ಹೊರಬಿಡುವ ರಿಲೀಸರ್ ಎಂಬ ಸಾಧನ, ಕರೆಂಟು ಎಲ್ಲ ಬೇಕು. ನೂರು ಟ್ಯಾಪಿಗೆ 1 ಸಿಎಫ್‌ಎಂ (ನಿಮಿಷಕ್ಕೆ ಒಂದು ಘನ ಅಡಿ ಗಾಳಿ) ಎಂದು ಪಂಪಿನ ಅಳತೆ ಆರಿಸುವುದು ವಾಡಿಕೆ. ಪಂಪಿಟ್ಟ ಬಿಗಿಯಾದ 5/16 ವ್ಯವಸ್ಥೆ ಒಂದು ಟ್ಯಾಪಿನಿಂದ ಬಕೆಟ್ಟಿನ ಎರಡರಷ್ಟು ರಸ ತೆಗೆಯಬಲ್ಲದು. ಮರಕ್ಕೆ ಇದರಿಂದ ಹಾನಿಯೇ ಎಂದು ಎಲ್ಲರೂ ಕೇಳುತ್ತಾರೆ. ಪ್ರಾಕ್ಟರ್ ಕೇಂದ್ರದ ಅಧ್ಯಯನಗಳಲ್ಲಿ ಎಳೆತದಿಂದ ಮರಕ್ಕೆ ಪೆಟ್ಟು ಕಂಡುಬಂದಿಲ್ಲ. ಪೆಟ್ಟಾಗುವುದು ಸಣ್ಣ ಮರಕ್ಕೆ ಟ್ಯಾಪ್ ಹಾಕಿದಾಗ, ಒಂದೇ ಮರಕ್ಕೆ ಹೆಚ್ಚು ತೂತು ಕೊರೆದಾಗ. ಎದೆಮಟ್ಟದಲ್ಲಿ 25ರಿಂದ 30 ಸೆಂಟಿಮೀಟರ್ ಅಡ್ಡಗಲ ಇಲ್ಲದ ಮರವನ್ನು ಬಿಟ್ಟುಬಿಡಿ, 45 ದಾಟುವ ಮೊದಲು ಎರಡನೇ ಟ್ಯಾಪ್ ಬೇಡ.

ಪಂಪು ಕೊಳ್ಳುವ ಮೊದಲು ಒಲೆಯ ಕಡೆಗೂ ಒಮ್ಮೆ ನೋಡಿ. ನೂರು ಟ್ಯಾಪಿನಿಂದ 40 ಲೀಟರಿನ ಲೆಕ್ಕದಲ್ಲಿ 4,000 ಲೀಟರ್ ರಸ, ನೂರು ಲೀಟರ್ ಸಿರಪ್. ಹಳೆಯ ಬಗೆಯ ಸೌದೆ ಒಲೆಯಲ್ಲಿ ಅಷ್ಟಕ್ಕೆ ಒಂದು ಕಾರ್ಡ್, ಎಂದರೆ 128 ಘನ ಅಡಿ ಸೌದೆ ಬೇಕಾಗುತ್ತದೆ. ಪಂಪಿನಿಂದ ರಸ ಇಮ್ಮಡಿಯಾದರೆ ಸೌದೆಯೂ ಇಮ್ಮಡಿ, ನಿದ್ದೆಗೆಡುವ ರಾತ್ರಿಯೂ ಇಮ್ಮಡಿ. ಈ ರಸ ಹಾಲಿನಂತೆ ಕೆಡುವ ವಸ್ತು, ನಾಳೆ ಕುದಿಸಿದರಾಯಿತು ಎಂದು ವಾರಗಟ್ಟಲೆ ಇಡಲಾಗದು. ಕುದಿಸುವ ಶಕ್ತಿಗಿಂತ ಹೆಚ್ಚು ರಸ ಇಳಿಸುವ ಪೈಪು ತಲೆನೋವೇ ಹೊರತು ಲಾಭವಲ್ಲ.

ನಿಮ್ಮ ಗುಡ್ಡ ಇವುಗಳಲ್ಲಿ ಯಾವುದು?

ಮರಗಳು ಕಡಿದಾದ ಇಳಿಜಾರಿನಲ್ಲಿ, ಅದರ ಕೆಳಗೂ ಇಳಿಜಾರು ಮುಂದುವರಿದು ರಸ್ತೆಗೆ ಬರುತ್ತದೆ, ನಲವತ್ತು ಐವತ್ತು ಟ್ಯಾಪ್. ಇದು 3/16ಕ್ಕೆಂದೇ ಮಾಡಿಟ್ಟ ಜಾಗ. ಎರಡು ಸಾಲು, ರಸ್ತೆ ಬದಿಯಲ್ಲಿ ಟ್ಯಾಂಕು, ಪಂಪಿಲ್ಲ.

ಮರಗಳು ಕಡಿದಾದ ಇಳಿಜಾರಿನಲ್ಲಿ, ಆದರೆ ಬುಡದಲ್ಲೇ ಸಪಾಟು ಬಯಲು, ಮನೆ ಆ ಬಯಲಿನಾಚೆ. ಇದು ಮೋಸದ ಗುಡ್ಡ. ನೋಡಿದರೆ 3/16 ಅನ್ನಿಸುತ್ತದೆ, ಕೆಳಗಿನ ಅರ್ಧ ಮರಗಳಿಗೆ ಸಾಲುವಷ್ಟು ಎಳೆತ ಇರುವುದಿಲ್ಲ. ಮೇಲಿನ ಮರಗಳಿಗೆ ಮಾತ್ರ 3/16 ಹಾಕಿ, ಕೆಳಗಿನವಕ್ಕೆ ಬೇರೆಯಾಗಿ 5/16 ಗ್ರಾವಿಟಿ ಸಾಲು ಇಲ್ಲವೇ ಬಕೆಟ್ಟು ಇಡುವುದು ಒಂದು ದಾರಿ. ಎರಡನ್ನೂ ಬುಡದಲ್ಲಿ ಸಣ್ಣ ಡಯಾಫ್ರಂ ಪಂಪಿಗೆ ಸೇರಿಸಿದರೆ ಇನ್ನೂ ಒಳ್ಳೆಯದು, ಆ ಪಂಪೇ ಬಯಲನ್ನೂ ದಾಟಿಸುತ್ತದೆ.

ನೂರಿನ್ನೂರು ಟ್ಯಾಪ್, ಶೇಕಡಾ 3 ಅಥವಾ 4ರ ಸೌಮ್ಯ ಇಳಿಜಾರು: 5/16 ಲ್ಯಾಟರಲ್, ಮೇನ್‌ಲೈನ್, ತಂತಿ, ಪಂಪು. ಅಡ್ಡದಾರಿ ಇಲ್ಲ.

ಮನೆ ಗುಡ್ಡದ ಮೇಲೆ, ಮರಗಳು ಕೆಳಗೆ. ಇಳಿತ ಸಿಕ್ಕಿದಷ್ಟೂ ಬಳಸಿ ರಸವನ್ನು ತಳದಲ್ಲಿ ಕೂಡಿಸಿ, ಅಲ್ಲಿಂದ ಪಂಪಿನಲ್ಲಿ ಮೇಲಕ್ಕೆ ಹತ್ತಿಸಬೇಕು. ಕುದಿಸುವ ಷೆಡ್ಡು ಇನ್ನೂ ಕಟ್ಟಿಲ್ಲವಾದರೆ ಅದನ್ನೇ ಕೆಳಗೆ ಕಟ್ಟಿ.

ಗುಡ್ಡದ ಒಂದು ಮೈ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ ಇದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಬೇಡಿ. ದಕ್ಷಿಣದ ಮರ ಬೆಳಿಗ್ಗೆಯೇ ಹರಿಯತೊಡಗುತ್ತದೆ, ಉತ್ತರದ್ದು ಮಧ್ಯಾಹ್ನದವರೆಗೂ ಕಲ್ಲಾಗಿರುತ್ತದೆ.

ಇಳಿತ ಅಳೆಯುವುದು

ಕಣ್ಣಳತೆ ನಂಬಬೇಡಿ, ಗುಡ್ಡ ಹತ್ತಿದ ಉಸಿರಿಗೆ ಎಲ್ಲವೂ ಕಡಿದಾಗಿಯೇ ಕಾಣುತ್ತದೆ. ಫೋನಿನ ಜಿಪಿಎಸ್ ತೋರಿಸುವ ಎತ್ತರವೂ ಈ ಕೆಲಸಕ್ಕೆ ಸಾಲದು, ಮೂರು ಮೀಟರ್ ಹೆಚ್ಚು ಕಡಿಮೆಯಲ್ಲೇ ಇಲ್ಲಿ ತೀರ್ಮಾನ ಬದಲಾಗುತ್ತದೆ. ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಪೈಪು ಸಾಕು. ಒಬ್ಬರು ಮೇಲೆ ಒಬ್ಬರು ಕೆಳಗೆ ನಿಂತು ಹಂತ ಹಂತವಾಗಿ ಕೂಡಿಸುತ್ತ ಬನ್ನಿ. ವರ್ಮಾಂಟಿನಲ್ಲಿರುವವರಿಗೆ ರಾಜ್ಯದ ಲೈಡಾರ್ ನಕ್ಷೆ (ಮೇಲಿನಿಂದ ಲೇಸರ್ ಬೀರಿ ನೆಲ ಅಳೆದು ಮಾಡಿದ್ದು) ಸಾರ್ವಜನಿಕವಾಗಿಯೇ ಸಿಗುತ್ತದೆ, ಅದರಲ್ಲಿ ಮರ ಸೀಳಿ ನೆಲದ ಏರುತಗ್ಗು ಕಾಣುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಲೆವೆಲ್ ಪೈಪು ಹಿಡಿದು ಹೊರಡಿ.

ಯಾವ ಪೈಪಾದರೂ ಬಿಡಬಾರದ ಕೆಲಸಗಳು

ಡ್ರಾಪ್‌ಲೈನನ್ನು ಕಂಜೂಸಿ ಮಾಡಬೇಡಿ, 90 ಸೆಂಟಿಮೀಟರ್ ಇರಲಿ. ಪ್ರತಿ ತೂತಿನ ಮೇಲೆ ಕೆಳಗೆ ಕಾಂಡದೊಳಗೆ ಸತ್ತ ಕಂದು ಮರದ ಪಟ್ಟೆ ಉಳಿಯುತ್ತದೆ, ಅಲ್ಲಿ ಮತ್ತೆಂದೂ ರಸ ಬಾರದು. ಡ್ರಾಪ್ ಉದ್ದ ಇದ್ದರೆ ಹೊಸ ತೂತನ್ನು ಮರದ ಯಾವ ಮಗ್ಗುಲಿಗೂ ಒಯ್ಯಬಹುದು. ಕೊರೆಯುವಾಗ ಬರುವ ಪುಡಿ ಬಿಳಿಯಾಗಿದ್ದರೆ ಸರಿ, ಕಂದಾಗಿದ್ದರೆ ಹಳೆಯ ಪಟ್ಟೆಗೆ ಹೊಡೆದಿದ್ದೀರಿ.

ನಳಿಕೆಯನ್ನು ಪ್ರತಿ ವರ್ಷ ಹೊಸದು ಹಾಕಿ. ಇಡೀ ವ್ಯವಸ್ಥೆಯಲ್ಲಿ ಕೆಲವೇ ಸೆಂಟು ಖರ್ಚು ಮಾಡಿ ಕಣ್ಣಿಗೆ ಕಾಣುವಷ್ಟು ಫಸಲು ಹೆಚ್ಚಿಸುವ ಜಾಗ ಇದೊಂದೇ. ಒಳಗೆ ಪುಟ್ಟ ಗುಂಡು ಇಟ್ಟು ರಸ ಮರಕ್ಕೆ ಹಿಮ್ಮುಖವಾಗಿ ಹೋಗದಂತೆ ತಡೆಯುವ ಚೆಕ್ ವಾಲ್ವ್ ನಳಿಕೆ ಪ್ರಾಕ್ಟರ್ ಕೇಂದ್ರದ ಟಿಮ್ ಪರ್ಕಿನ್ಸ್ ಅವರ ಕೆಲಸದಿಂದ ಬಂದದ್ದು. ಪಂಪಿಟ್ಟವರಿಗೆ, ಅದರಲ್ಲೂ ಹಳೆಯ ಪೈಪು ಇರುವವರಿಗೆ, ಅದು ಹಾಕಿದ ದುಡ್ಡು ತರುತ್ತದೆ.

ಸೋರಿಕೆ ಹುಡುಕುವುದು ಅಭ್ಯಾಸದ ಮೇಲೆ ಬರುತ್ತದೆ. ರಸ ಹರಿಯುವ ದಿನ ಪೈಪಿನ ಗುಳ್ಳೆ ನೋಡುತ್ತ ಮೇಲಕ್ಕೆ ಹೋಗಿ. ಸಣ್ಣ ಗುಳ್ಳೆ ಮರದ್ದೇ, ಚಿಂತೆಯಿಲ್ಲ. ಒಂದು ಟೀ ಕೆಳಗೆ ಉದ್ದುದ್ದ ಗುಳ್ಳೆಗಳು ಓಡುತ್ತಿದ್ದು ಅದರ ಮೇಲೆ ಶಾಂತವಾಗಿದ್ದರೆ ಆ ಮರದಲ್ಲೇ ಸೋರಿಕೆ. 3/16ರಲ್ಲಿ ಇದಕ್ಕೆ ಹೆಚ್ಚು ಬೆಲೆ ತೆರಬೇಕು. ಪಂಪಿನ ಸಾಲಿನಲ್ಲಿ ಸಣ್ಣ ತೂತನ್ನು ಪಂಪು ಹೇಗೋ ತಾಳಿಕೊಳ್ಳುತ್ತದೆ, ಇಲ್ಲಿ ತಾಳಿಕೊಳ್ಳುವವರು ಯಾರೂ ಇಲ್ಲ. ಪ್ರತಿ ಸಾಲಿನ ಮೇಲ್ತುದಿಗೆ ಒಂದು ವ್ಯಾಕ್ಯೂಮ್ ಗೇಜ್ ಹಾಕಿಟ್ಟರೆ ಅರ್ಧ ಕೆಲಸ ಹಗುರ. ಅಳಿಲು ಕಡಿಯುತ್ತದೆ, ಜಿಂಕೆ ತೂರುತ್ತದೆ, ಜಿಂಕೆ ಜಾತಿಯ ದೈತ್ಯ ಪ್ರಾಣಿ ಮೂಸ್ ಬಂದರೆ ಸಾಲನ್ನೇ ಹೊತ್ತುಕೊಂಡು ಹೋಗುತ್ತದೆ. ಜೋಡಿಸುವ ಕನೆಕ್ಟರುಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗಬೇಕು.

ಟ್ಯಾಂಕಿನ ಅಳತೆಗೆ ಒಂದು ಟ್ಯಾಪಿಗೆ ದಿನಕ್ಕೆ ನಾಲ್ಕರಿಂದ ಎಂಟು ಲೀಟರ್ ಹಿಡಿಯಿರಿ. ಐವತ್ತು ಟ್ಯಾಪಿಗೆ 400 ಲೀಟರಿನ ಟ್ಯಾಂಕಿದ್ದರೆ ಒಳ್ಳೆಯ ಹರಿವಿನ ದಿನವೂ ಉಕ್ಕದು. ನೆರಳಿನಲ್ಲಿಡಿ, ಸುತ್ತ ಹಿಮ ಒಟ್ಟಿ.

ಎಲೆ ಉದುರಿದ ಮೇಲೆ, ಹಿಮ ಬೀಳುವ ಮುನ್ನ, ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಪೈಪು ಎಳೆದು ಮುಗಿಸಿದರೆ ಗುಡ್ಡವೂ ಕಾಣುತ್ತದೆ, ಕೈಯೂ ಮರಗಟ್ಟುವುದಿಲ್ಲ. ಜನವರಿಗೆ ಬಿಟ್ಟರೆ ಪೈಪು ಸೆಡೆತು ಟೀ ಮೇಲೆ ಏರುವುದೇ ಇಲ್ಲ. ಆಗ ಥರ್ಮಾಸಿನಲ್ಲಿ ಬಿಸಿನೀರು ಒಯ್ದು, ಪೈಪಿನ ತುದಿಯನ್ನು ಒಂದು ಕ್ಷಣ ಅದ್ದಿ ಮೆತ್ತಗಾದ ಕೂಡಲೇ ತಳ್ಳಬೇಕು.